ಇಕ್ಕೇರಿಗೆ ಬಂದ ರೋಮಿನ ಸಂಗೀತಗಾರ ಮತ್ತು ಅವನ ಕಾಲದ ಬರೋಕ್

1623ರ ನವೆಂಬರ್. ಇಕ್ಕೇರಿಯ ಬೀದಿಯಲ್ಲಿ ಹುಡುಗಿಯರ ಮೇಳವೊಂದು ಬಣ್ಣ ಬಳಿದ ಗಿಡ್ಡ ಕೋಲುಗಳನ್ನು ಹಿಡಿದು, ಸುತ್ತುಗಟ್ಟಿ ಕುಣಿಯುತ್ತಿತ್ತು. ಒಬ್ಬಳು ಪದದ ಒಂದು ನುಡಿ ಎತ್ತಿಕೊಟ್ಟರೆ ಉಳಿದವರೆಲ್ಲ ಲಯ ತಪ್ಪದೆ ಏಳೆಂಟು ಸಲ 'ಕೋಲೆ ಕೋಲೆ' ಎಂದು ಸೊಲ್ಲು ಹಿಡಿಯುತ್ತಿದ್ದರು. ಗೌರಿಯ ವ್ರತ ಮುಗಿದ ಸಂಭ್ರಮ ಅದು. ನೋಡುತ್ತ ನಿಂತವರಲ್ಲಿ ರೋಮ್ ನಗರದ ಸಿರಿವಂತ ಮನೆತನದವನೊಬ್ಬನಿದ್ದ. ಕೋಲು, ಬಣ್ಣ, ವಾದ್ಯ, ಹಾಡು ಎತ್ತುವ ಕ್ರಮ, ಸೊಲ್ಲು ಎಷ್ಟು ಸಲ ತಿರುಗುತ್ತದೆ ಎಂಬುದನ್ನೆಲ್ಲ ಗಮನಿಸಿ, ನೇಪಲ್ಸಿನಲ್ಲಿದ್ದ ವೈದ್ಯ ಗೆಳೆಯ ಮಾರಿಯೊ ಸ್ಕಿಪಾನೊನಿಗೆ ಕಾಗದ ಬರೆದ. 'ಕೋಲೆ' ಎಂದರೇನು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಸಂತೋಷದ ಉದ್ಗಾರವಿರಬೇಕು ಎಂದು ಊಹಿಸಿದ.

ಅವನ ಹೆಸರು ಪಿಯೆತ್ರೊ ಡೆಲ್ಲಾ ವಲ್ಲೆ. ಗೋವೆಯ ಪೋರ್ಚುಗೀಸರು ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನಲ್ಲಿಗೆ ಕಳಿಸಿದ ರಾಯಭಾರಿಯ ಜೊತೆ ಬಂದಿದ್ದ. ನಾಯಕನ ಕಡೆಯ ರಾಯಭಾರಿ ವಿಠಲ ಶೆಣೈ ಕೂಡ ಆ ತಂಡದಲ್ಲಿದ್ದ. ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಗುಂಟ ಗೇರುಸೊಪ್ಪೆ, ಅಲ್ಲಿಂದ ದಟ್ಟ ಕಾಡಿನ ಘಟ್ಟ ಹತ್ತಿ ಇಕ್ಕೇರಿ. ಮನ್ಮನೆ, ಸಿದ್ದಾಪುರದ ಕಡೆಯ ನಮಗೆ ಇದು ತಾಳಗುಪ್ಪ, ಸಾಗರ ದಾಟಿದರೆ ಸಿಗುವ ನೆರೆಸೀಮೆ. ಘಟ್ಟದ ದಾರಿಯಲ್ಲಿ ಹನುಮಂತನ ಗುಡಿಯ ಜಗಲಿಯಲ್ಲಿ ಹುಡುಗರು ನುಣ್ಣನೆಯ ಮರಳು ಹರಡಿಕೊಂಡು, ಬೆರಳಿನಿಂದ ಅಂಕಿ ಬರೆಯುತ್ತ, ಬರೆದದ್ದನ್ನು ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ಅವನು ಕಂಡು ಮೆಚ್ಚಿ ಬರೆದಿದ್ದಾನೆ. ನಮ್ಮ ಹಳೆಯ ಶಾಲೆಗಳ ಚರಿತ್ರೆ ಹೇಳುವವರು ಆ ಪುಟಗಳನ್ನು ಇಂದಿಗೂ ನೆನೆಯುತ್ತಾರೆ. ಆದರೆ ಅವನ ಕಿವಿ ಮತ್ತೆ ಮತ್ತೆ ಹಾಡಿನ ಕಡೆಗೇ ಯಾಕೆ ತಿರುಗುತ್ತಿತ್ತು ಎಂದು ಕೇಳುವವರು ಕಡಿಮೆ. ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಅವನು ಬರಿಯ ಪ್ರವಾಸಿ. ರೋಮಿನಲ್ಲಿ ಅವನು ಸಂಗೀತ ಬರೆದವ, ಸಂಗೀತದ ಬಗ್ಗೆ ವಾದ ಮಾಡಿದವ. ಬರೋಕ್ ಎಂದು ಮುಂದೆ ಹೆಸರಾದ ಹೊಸ ಕಲೆಯ ಹುಟ್ಟನ್ನು ಹತ್ತಿರದಿಂದ ಕಂಡವ.

1606ರಲ್ಲಿ ಅವನಿಗೆ ಇಪ್ಪತ್ತು ವರ್ಷ. ಆ ವರ್ಷದ ಕಾರ್ನಿವಲ್ ಹಬ್ಬದಲ್ಲಿ ಅವನು ಬರೆದ ಪದ್ಯಗಳಿಗೆ ಪಾವೊಲೊ ಕ್ವಾಲ್ಯಾತಿ ರಾಗ ಹಾಕಿದ. ಹಾಡುವವರನ್ನೂ ವಾದ್ಯದವರನ್ನೂ ಸಿಂಗರಿಸಿದ ಗಾಡಿಯ ಮೇಲೆ ಕೂರಿಸಿ ರೋಮಿನ ಬೀದಿಬೀದಿಗಳಲ್ಲಿ ಮೆರೆಸಿದರು. ರೋಮ್ ಕಂಡ ಮೊದಲ ಸಂಗೀತ ನಾಟಕಗಳಲ್ಲಿ ಅದೂ ಒಂದು. ಅದೇ ವರ್ಷದ ಮೇ ತಿಂಗಳಲ್ಲಿ, ಅದೇ ಊರಿನಲ್ಲಿ, ಚಿತ್ರಕಾರ ಕಾರವಾಜಿಯೊ ಜಗಳದಲ್ಲಿ ಒಬ್ಬನನ್ನು ಕೊಂದು ಓಡಿಹೋದ. ಡೆಲ್ಲಾ ವಲ್ಲೆ 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿ ತುರ್ಕಿ, ಈಜಿಪ್ಟ್, ಬಾಗ್ದಾದ್, ಪರ್ಷಿಯಾ ಸುತ್ತಿದ. ಬಾಗ್ದಾದಿನಲ್ಲಿ ಮದುವೆಯಾದ ಹೆಂಡತಿ ಮಆನಿ 1621ರಲ್ಲಿ ಪರ್ಷಿಯಾದ ಕಡಲ ತೀರದಲ್ಲಿ ತೀರಿಕೊಂಡಳು. ಅವಳ ದೇಹವನ್ನು ಕೆಡದಂತೆ ಲೇಪಿಸಿ, ಪೆಟ್ಟಿಗೆಯಲ್ಲಿಟ್ಟು, ಭಾರತಕ್ಕೂ ತಂದು, 1626ರಲ್ಲಿ ರೋಮ್ ಮುಟ್ಟಿಸಿದ. ಮರುವರ್ಷ ಅರಾಚೇಲಿ ಇಗರ್ಜಿಯಲ್ಲಿ ಅವಳಿಗೆ ಮಾಡಿಸಿದ ಅಂತ್ಯಕ್ರಿಯೆಯ ವೈಭವ ರೋಮಿನಲ್ಲಿ ಮಾತಿನ ವಸ್ತುವಾಯಿತು. ಇಂಥ ದುಃಖವನ್ನೂ ಒಂದು ದೊಡ್ಡ ದೃಶ್ಯವಾಗಿ ಕಟ್ಟಿ ಎಲ್ಲರೆದುರು ನಿಲ್ಲಿಸುವ ಮನಸ್ಸಿದೆಯಲ್ಲ, ಬರೋಕ್ ಹುಟ್ಟಿದ್ದು ಆ ಮನಸ್ಸಿನಿಂದ.

ಕಲೆಯ ಚರಿತ್ರೆಕಾರರು ಸುಮಾರು 1600ರಿಂದ 1750ರವರೆಗಿನ ಯುರೋಪಿಗೆ ಬರೋಕ್ ಯುಗ ಎನ್ನುತ್ತಾರೆ. ಆ ಹೆಸರು ಅಂದಿನ ಕಲಾವಿದರು ತಾವಾಗಿ ಇಟ್ಟುಕೊಂಡದ್ದಲ್ಲ. 'ಇದು ಅತಿಯಾಯಿತು, ವಕ್ರವಾಯಿತು' ಎಂದು ಮುಂದಿನವರು ಹಳಿಯುವುದಕ್ಕೆ ಬಳಸಿದ್ದು ಹೆಸರಾಗಿ ಉಳಿಯಿತು. ಅದರ ಹಿಂದೆ ಒಂದು ದೊಡ್ಡ ಬಿರುಕಿನ ಕತೆಯಿದೆ. 1517ರಲ್ಲಿ ಮಾರ್ಟಿನ್ ಲೂಥರ್ ಎತ್ತಿದ ಪ್ರಶ್ನೆಗಳಿಂದ ಕ್ರೈಸ್ತ ಜಗತ್ತು ಎರಡಾಯಿತು. ಉತ್ತರದ ಹಲವು ನಾಡುಗಳು ಇಗರ್ಜಿಯಿಂದ ವಿಗ್ರಹ, ಚಿತ್ರಗಳನ್ನು ಹೊರಹಾಕಿದವು. ರೋಮ್ ಅದಕ್ಕೆ ಎದುರುತ್ತರ ಕೊಟ್ಟಿತು. 1563ರಲ್ಲಿ ಮುಗಿದ ಟ್ರೆಂಟ್ ಮಹಾಸಭೆ, ಚಿತ್ರಗಳು ಓದು ಬಾರದವರಿಗೂ ಧರ್ಮವನ್ನು ತಿಳಿಸಬೇಕು, ನೋಡಿದವರಲ್ಲಿ ಭಕ್ತಿ ಹುಟ್ಟಿಸಬೇಕು ಎಂದು ನಿರ್ಣಯಿಸಿತು. ಆಗತಾನೆ ಹುಟ್ಟಿದ ಜೆಸ್ವಿಟ್ ಸಂಘ ಈ ಕೆಲಸವನ್ನು ತಲೆಯ ಮೇಲೆ ಹೊತ್ತುಕೊಂಡಿತು. ಅರಸರಿಗೂ ಈ ಭಾಷೆ ಹಿಡಿಸಿತು. ಫ್ರಾನ್ಸಿನ 14ನೇ ಲೂಯಿ ವರ್ಸೈ ಅರಮನೆ ಕಟ್ಟಿಸಿ ತನ್ನ ಆಳ್ವಿಕೆಯನ್ನೇ ದಿನನಿತ್ಯದ ಪ್ರದರ್ಶನ ಮಾಡಿದ.

ಕಾರವಾಜಿಯೊನ 'ಮತ್ತಾಯನ ಕರೆ' ಚಿತ್ರವನ್ನು ನೋಡಿದರೆ ಬರೋಕ್ ಚಿತ್ರಕಲೆಯ ಅರ್ಧ ತಿಳಿದಂತೆ. 1600ರಲ್ಲಿ ರೋಮಿನ ಸಾನ್ ಲುಯಿಜಿ ಇಗರ್ಜಿಯಲ್ಲಿ ಅದನ್ನು ಇಟ್ಟರು, ಇಂದಿಗೂ ಅಲ್ಲೇ ಇದೆ. ಸುಂಕ ವಸೂಲಿ ಮಾಡುವ ಮತ್ತಾಯ ಕತ್ತಲು ಕೋಣೆಯಲ್ಲಿ ನಾಲ್ಕು ಜನರ ಜೊತೆ ಮೇಜಿನ ಸುತ್ತ ಕೂತು ದುಡ್ಡು ಎಣಿಸುತ್ತಿದ್ದಾನೆ. ಬಲಗಡೆಯಿಂದ ಯೇಸು ಬಂದು ಕೈ ಚಾಚಿದ್ದಾನೆ. ಅವನ ತಲೆಯ ಮೇಲಿನಿಂದ ಓರೆಯಾಗಿ ಬಿದ್ದ ಬೆಳಕು ಮೇಜಿನವರ ಮುಖ ಮುಟ್ಟಿದೆ. ಮೋಡ, ರೆಕ್ಕೆಯ ದೇವದೂತರು ಒಂದೂ ಇಲ್ಲ. ಮೇಜಿನವರು ಅಂದಿನ ರೋಮಿನ ಬೀದಿಯ ಉಡುಪಿನಲ್ಲೇ ಇದ್ದಾರೆ. ಇಬ್ಬರು ತಲೆಯೆತ್ತಿಯೂ ನೋಡಿಲ್ಲ. ಪವಾಡ ನಡೆಯುವುದು ದುಡ್ಡು ಎಣಿಸುವ ಮೇಜಿನಲ್ಲೇ, ಯಾವ ಮುನ್ಸೂಚನೆಯೂ ಇಲ್ಲದೆ ಎಂದು ಹೇಳಲು ಅವನಿಗೆ ಕತ್ತಲು ಬೆಳಕು ಎರಡೇ ಸಾಕಾದವು. ಯುರೋಪಿನ ಇಡೀ ಚಿತ್ರಕಲೆಯಲ್ಲಿ ಇದಕ್ಕಿಂತ ಧೈರ್ಯದ ಚಿತ್ರ ಇನ್ನೊಂದಿದೆಯೆಂದು ನನಗೆ ಅನ್ನಿಸುವುದಿಲ್ಲ.

ಡೆಲ್ಲಾ ವಲ್ಲೆ ಇಕ್ಕೇರಿಯಲ್ಲಿದ್ದ ಆ 1623ರಲ್ಲೇ ರೋಮಿನಲ್ಲಿ ಜಾನ್ ಲೊರೆಂಜೊ ಬರ್ನಿನಿ ಎಂಬ ಇಪ್ಪತ್ನಾಲ್ಕರ ಶಿಲ್ಪಿ 'ಡೇವಿಡ್' ಕೆತ್ತುವುದರಲ್ಲಿ ತೊಡಗಿದ್ದ. ಅದಕ್ಕಿಂತ ಸುಮಾರು 120 ವರ್ಷ ಹಿಂದೆ ಮೈಕೆಲೇಂಜಲೊ ಕೆತ್ತಿದ ಡೇವಿಡ್ ಯುದ್ಧಕ್ಕೆ ಮೊದಲು ನೆಟ್ಟಗೆ, ಶಾಂತವಾಗಿ ನಿಂತವ. ಬರ್ನಿನಿಯ ಡೇವಿಡ್ ಕವಣೆ ಬೀಸುವ ಕ್ಷಣದಲ್ಲಿದ್ದಾನೆ. ಮೈ ತಿರುಚಿದೆ, ತುಟಿ ಕಚ್ಚಿದೆ, ಕಲ್ಲು ಇನ್ನೇನು ಹಾರಬೇಕು. ಎದುರಿನ ರಾಕ್ಷಸ ಗೋಲಿಯತ್ ಶಿಲ್ಪದಲ್ಲಿ ಇಲ್ಲ. ಅವನಿರಬೇಕಾದ ಜಾಗದಲ್ಲಿ ನೋಡುವ ನಾವು ನಿಂತಿರುತ್ತೇವೆ. ನೋಡುವವನನ್ನು ಹೀಗೆ ಘಟನೆಯ ಒಳಗೆ ಎಳೆದುಕೊಳ್ಳುವುದು ಬರೋಕಿನ ಹೆಚ್ಚುಗಾರಿಕೆ. ಹಿಂದಿನ ರೆನೆಸಾನ್ಸ್ ಕಲೆ ಅಳತೆ ತಪ್ಪದ ಸಮತೋಲವನ್ನು ಹುಡುಕಿತು. ಇದು ಚಲನೆಯನ್ನು, ಉಕ್ಕುವ ಭಾವವನ್ನು ಹುಡುಕಿತು. ಬೆನ್ನಟ್ಟಿದ ಅಪೊಲೊನಿಂದ ತಪ್ಪಿಸಿಕೊಳ್ಳುವ ದಾಫ್ನೆಯ ಬೆರಳುಗಳು ಎಲೆಯಾಗುತ್ತ, ಕಾಲು ಬೇರಾಗುತ್ತ ಮರವಾಗುವುದನ್ನು ಅದೇ ಬರ್ನಿನಿ ಅಮೃತಶಿಲೆಯಲ್ಲಿ ಕಡೆದ. ಕೊನೆಯ ಎಲೆಗಳು ಎಷ್ಟು ತೆಳ್ಳಗಿವೆಯೆಂದರೆ ಅವುಗಳಲ್ಲಿ ಬೆಳಕು ಹಾಯುತ್ತದೆ.

ಉತ್ತರದ ಪ್ರೊಟೆಸ್ಟಂಟ್ ಡಚ್ ನಾಡಿನಲ್ಲಿ ಇಗರ್ಜಿಯ ಗೋಡೆ ಖಾಲಿಯಾದಾಗ ಚಿತ್ರಕಾರರು ವರ್ತಕರ ಮನೆಗಳಿಗೆ ಬರೆದರು. ರೆಂಬ್ರಾಂಟ್ ಅವರಲ್ಲಿ ಹಿರಿಯ. ಡಚ್ ವರ್ತಕರ ಹಡಗುಗಳು ಸೂರತ್ತಿನಿಂದ ಬರುತ್ತಿದ್ದ ಕಾಲ. 1656ರ ನಂತರದ ಕೆಲವು ವರ್ಷಗಳಲ್ಲಿ ಅವನು ಮೊಗಲರ ಚಿಕಣಿ ಚಿತ್ರಗಳನ್ನು ಎದುರಿಗಿಟ್ಟುಕೊಂಡು ಶಹಜಹಾನ್ ಮೊದಲಾದವರನ್ನು ಏಷ್ಯಾದಿಂದ ಬಂದ ಕಾಗದದ ಮೇಲೆ ಬಿಡಿಸಿದ. ಅಂಥ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿವೆ.

ನಮ್ಮ ಸೀಮೆಗೆ ಬರೋಕ್ ಬಂದದ್ದು ಗೋವೆಯ ದಾರಿಯಿಂದ, ಮೆಣಸಿನ ಬೆನ್ನು ಹತ್ತಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದೇ ಕರೆಯುತ್ತಿದ್ದರು. ಅವಳ ನಂತರ ಆ ಸೀಮೆ ವೆಂಕಟಪ್ಪ ನಾಯಕನ ಕೈಗೆ ಬಂತು. ಗೋವೆಯ ಸಿರಿಗೆ ಮೆಣಸು ದೊಡ್ಡ ಆಧಾರ, ಆ ಮೆಣಸಿನಲ್ಲಿ ನಮ್ಮ ಘಟ್ಟದಿಂದ ಹೊನ್ನಾವರಕ್ಕೆ ಇಳಿದದ್ದೂ ಇತ್ತು. ಹಳೆ ಗೋವೆಯ ಬೋಮ್ ಜೀಸಸ್ ಬಸಿಲಿಕಾ 1594ರಲ್ಲಿ ಶುರುವಾಗಿ 1605ರಲ್ಲಿ ಮುಗಿಯಿತು. ಅದರೊಳಗೆ ಸಂತ ಫ್ರಾನ್ಸಿಸ್ ಝೇವಿಯರ್‌ನ ಬೆಳ್ಳಿಯ ಪೆಟ್ಟಿಗೆಯ ಕೆಳಗಿರುವ ಅಮೃತಶಿಲೆಯ ಪೀಠ ಫ್ಲಾರೆನ್ಸಿನ ಬರೋಕ್ ಶಿಲ್ಪಿ ಫೊಜ್ಜಿನಿಯ ಕೆಲಸ. ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಕಳಿಸಿದ ಕಾಣಿಕೆ ಅದು. 1698ರಲ್ಲಿ ಗೋವೆಯಲ್ಲಿ ಜೋಡಿಸಿದರು. ಬೆಳ್ಳಿಯ ಕೆಲಸ ಗೋವೆಯ ಅಕ್ಕಸಾಲಿಗರದ್ದು.

ಈ ಚೆಲುವಿನ ಪಕ್ಕದಲ್ಲೇ ಇನ್ನೊಂದನ್ನೂ ಹೇಳಲೇಬೇಕು. 16ನೇ ಶತಮಾನದ ನಡುವಿನಿಂದ ತಿಸ್ವಾಡಿ, ಬಾರ್ದೇಶ್, ಸಾಸಷ್ಟಿ ಸೀಮೆಗಳ ದೇವಸ್ಥಾನಗಳನ್ನು ಕೆಡವಿದರು. 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಬಂತು. ಮಂಗೇಶ, ಶಾಂತಾದುರ್ಗೆ, ಮಹಾಲಸೆಯರನ್ನು ಭಕ್ತರು ರಾತ್ರೋರಾತ್ರಿ ಹೊಳೆ ದಾಟಿಸಿ ಫೋಂಡಾ ಸೀಮೆಗೆ ಒಯ್ದರು. ಸಾವಿರಾರು ಕುಟುಂಬಗಳು ದಕ್ಷಿಣಕ್ಕೆ ಬಂದವು. ಅಂಕೋಲೆ, ಕುಮಟೆ, ಹೊನ್ನಾವರ, ಶಿರಸಿಗಳಲ್ಲಿ ಇವತ್ತಿಗೂ ಕುಲದೇವರು ಗೋವೆಯಲ್ಲಿರುವ ಮನೆತನಗಳು ಎಷ್ಟಿವೆಯೆಂದು ನಮಗೆಲ್ಲ ಗೊತ್ತು. ಗೋವೆಯ ಬರೋಕ್ ಇಗರ್ಜಿಗಳನ್ನು ಮೆಚ್ಚುವಾಗ ಈ ನೋವನ್ನು ಬದಿಗೆ ಸರಿಸುವುದು ಸಲ್ಲದು. ನೋವಿದೆಯೆಂದು ಕಲೆಗೆ ಕಣ್ಣು ಮುಚ್ಚಬೇಕಾಗಿಯೂ ಇಲ್ಲ. ಯಾಕೆಂದರೆ ಆ ದೇವರುಗಳ ಭಕ್ತರೇ ಮುಂದೆ ಮಾಡಿದ್ದು ಬೇರೆ.

ಫೋಂಡಾದಲ್ಲಿ ಆ ದೇವಸ್ಥಾನಗಳನ್ನು 18ನೇ ಶತಮಾನದಲ್ಲಿ ದೊಡ್ಡದಾಗಿ ಕಟ್ಟಿದಾಗ ಗೋವೆಯ ಕುಶಲಕರ್ಮಿಗಳ ಕೈಗೆ ರೂಢಿಯಾಗಿದ್ದ ಬರೋಕ್ ಅಲ್ಲೂ ಕಾಣಿಸಿಕೊಂಡಿತು. ಮಂಗೇಶಿಯಲ್ಲಾಗಲಿ ಕವಳೆಯ ಶಾಂತಾದುರ್ಗೆಯಲ್ಲಾಗಲಿ ಗರ್ಭಗುಡಿಯ ಮೇಲೆ ನಮ್ಮ ಕಡೆಯ ಶಿಖರವಿಲ್ಲ. ಎಂಟು ಮೂಲೆಯ ಗೋಪುರ, ಅದರ ಮೇಲೆ ಗುಮ್ಮಟ. ಗೋಡೆಗೆ ಅಂಟಿದ ಅರೆಗಂಬ, ಕಮಾನಿನ ಕಿಟಕಿ, ಕಟಾಂಜನದ ಸಾಲು, ಒಳಗೆ ತೂಗುವ ಗಾಜಿನ ದೀಪಗೊಂಚಲು. ಮಂಗೇಶಿಯ ಏಳು ಅಂತಸ್ತಿನ ದೀಪಸ್ತಂಭದ ಗೂಡುಗಳನ್ನು ನೋಡಿ, ಆಮೇಲೆ ಹಳೆ ಗೋವೆಯ ಇಗರ್ಜಿಗಳ ಮುಖಭಾಗ ನೋಡಿ. ಎರಡೂ ಒಂದೇ ಕುಲದವು. ಯಾರು ಓಡಿಸಿದರೋ ಅವರ ಶೈಲಿಯನ್ನೇ ಕಸಿದುಕೊಂಡು ತಮ್ಮ ದೇವರಿಗೆ ಮನೆ ಕಟ್ಟಿದ ಆ ಜನರ ಗಟ್ಟಿತನ ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ. ಆ ಶತಮಾನದಲ್ಲಿ ಫೋಂಡಾವನ್ನು ಆಳುತ್ತಿದ್ದವರು ನಮ್ಮ ಶಿರಸಿ ಸಮೀಪದ ಸೋದೆಯ ಅರಸರು. 1763ರ ಸುಮಾರಿಗೆ ಹೈದರಾಲಿ ಸೋದೆಯನ್ನು ಗೆದ್ದಾಗ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ, ಫೋಂಡಾ ಅವರ ಕೈಸೇರಿತು. ಹೀಗಾಗಿ ಭಾರತದ ಅತ್ಯಂತ ವಿಶಿಷ್ಟ ಬರೋಕ್ ದೇವಾಲಯಗಳ ಕತೆಯಲ್ಲಿ ನಮ್ಮ ಸೀಮೆಯ ಒಂದು ಅರಸುಮನೆತನದ ಹೆಸರೂ ಸೇರಿಕೊಂಡಿದೆ.

ಕರ್ನಾಟಕದ ಒಳಗೇ ಬರೋಕಿನ ಗೋಡೆಚಿತ್ರ ಪರಂಪರೆಯನ್ನು ನೋಡಬೇಕಾದರೆ ಮಂಗಳೂರಿಗೆ ಹೋಗಬೇಕು. ಲೈಟ್‌ಹೌಸ್ ಗುಡ್ಡದ ಸಂತ ಅಲೋಶಿಯಸ್ ಚಾಪೆಲ್ ಕಟ್ಟಿದ್ದು 1880ರ ದಶಕದಲ್ಲಿ. ಇಟಲಿಯ ಬೆರ್ಗಾಮೊ ಕಡೆಯ ಅಂತೋನಿಯೊ ಮೊಸ್ಕೇನಿ 1899ರ ಹೊತ್ತಿಗೆ ಶುರುಮಾಡಿ ಎರಡು ವರ್ಷ ಅದರ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿದ. ಕಾಲದ ಲೆಕ್ಕದಲ್ಲಿ ಅದು ಬರೋಕ್ ಮುಗಿದು ಒಂದೂವರೆ ಶತಮಾನದ ನಂತರದ್ದು. ಆದರೆ ಬೇರು ಅಲ್ಲಿಯದೇ. ರೋಮಿನ ಸಂತ ಇಗ್ನೇಷಿಯಸ್ ಇಗರ್ಜಿಯಲ್ಲಿ ಆಂದ್ರೆಯಾ ಪೊಜ್ಜೊ ಎಂಬವ 1685ರಲ್ಲಿ ಒಂದು ಮೋಜು ಮಾಡಿದ್ದ. ಗುಮ್ಮಟ ಕಟ್ಟಲು ಹಣ ಸಾಲಲಿಲ್ಲ. ಅವನು ಚಪ್ಪಟೆ ಕ್ಯಾನ್ವಾಸಿನ ಮೇಲೆ ಗುಮ್ಮಟದ ಚಿತ್ರ ಬರೆದು ಮೇಲಕ್ಕೇರಿಸಿದ. ನೆಲದ ಮೇಲೆ ಗುರುತು ಮಾಡಿದ ಜಾಗದಲ್ಲಿ ನಿಂತು ನೋಡಿದರೆ ನಿಜವಾದ ಗುಮ್ಮಟವೇ. 1694ರಲ್ಲಿ ಮುಗಿದ ಅದೇ ಇಗರ್ಜಿಯ ಚಾವಣಿಯಲ್ಲಿ ಕಂಬಗಳು ಆಕಾಶಕ್ಕೆ ಬೆಳೆದು, ಚಾವಣಿಯೇ ಹಾರಿಹೋದಂತೆ ಕಾಣುತ್ತದೆ. ಪೊಜ್ಜೊ ಜೆಸ್ವಿಟ್ ಸಂಘದ ಬ್ರದರ್ ಆಗಿದ್ದ, ಮೊಸ್ಕೇನಿಯೂ ಹಾಗೆಯೇ. ಅಲೋಶಿಯಸ್ ಗೊಂಜಾಗನಿಗೆ ರೋಮಿನ ಆ ಇಗರ್ಜಿಯಲ್ಲಿ ಬಲಿಪೀಠ ರೂಪಿಸಿದವ ಪೊಜ್ಜೊ. ಅದೇ ಅಲೋಶಿಯಸ್‌ನ ಬದುಕನ್ನು ಮಂಗಳೂರಿನ ಚಾವಣಿಯಲ್ಲಿ ಬರೆದವ ಮೊಸ್ಕೇನಿ. 1591ರಲ್ಲಿ, ಇಪ್ಪತ್ಮೂರರ ಹರೆಯದಲ್ಲಿ, ರೋಮಿನ ಪ್ಲೇಗ್ ರೋಗಿಗಳ ಶುಶ್ರೂಷೆ ಮಾಡುತ್ತ ಸತ್ತ ರಾಜಮನೆತನದ ಹುಡುಗ ಅವನು.

ಅಲ್ಲಿನ ಗೋಡೆಯ ಚಿತ್ರಗಳು ಫ್ರೆಸ್ಕೊ ವಿಧಾನದವು. ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುವಾಗ ಬಣ್ಣ ಅದರೊಳಗೆ ಬೆಸೆದುಕೊಳ್ಳುತ್ತದೆ. ಒಂದು ದಿನಕ್ಕೆ ಆಗುವಷ್ಟೇ ಗಾರೆ ಬಳಿಯಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಶಿರಸಿಯವರಿಗೆ ಇದನ್ನು ವಿವರಿಸುವುದು ಸುಲಭ. 1688ರಲ್ಲಿ ಕಟ್ಟಿದ ನಮ್ಮ ಮಾರಿಕಾಂಬಾ ದೇವಸ್ಥಾನದ ಗೋಡೆಗಳಲ್ಲಿ ಕಾವಿ ಕಲೆ ಇದೆಯಲ್ಲ, ಅದೂ ಹಸಿ ಸುಣ್ಣದ ಕೆಲಸವೇ. ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಅದು ಆರುವ ಮೊದಲೇ ಮೊನೆಯಿಂದ ಕೆರೆದು, ಕೆಳಗಿನ ಬಿಳಿಯನ್ನು ಹೊರತೆಗೆಯುವುದು. ಕೊಂಕಣ ಕರಾವಳಿಯ ಆ ಕಲೆಗೂ ಇಟಲಿಯ ಫ್ರೆಸ್ಕೊಗೂ ನೆಂಟಸ್ತಿಕೆ ಹೇಳುವ ಸಾಹಸ ನನ್ನದಲ್ಲ. ಸುಣ್ಣ ಆರುವುದರೊಳಗೆ ಮುಗಿಸಬೇಕೆಂಬ ಒತ್ತಡ ಇಬ್ಬರು ಕುಶಲಕರ್ಮಿಗಳಿಗೂ ಒಂದೇ.

ಗೊಂಜಾಗ ಎಂಬ ಹೆಸರು ಸಂಗೀತಕ್ಕೂ ಬೇಕು. ಅಲೋಶಿಯಸ್‌ನ ಜ್ಞಾತಿಗಳಾದ ಗೊಂಜಾಗ ದೊರೆಗಳು ಮಾಂಟುವಾ ಆಳುತ್ತಿದ್ದರು. ಅವರ ಆಸ್ಥಾನದಲ್ಲಿ 1607ರ ಫೆಬ್ರವರಿಯಲ್ಲಿ ಕ್ಲಾಡಿಯೊ ಮೊಂತೆವೆರ್ದಿಯ 'ಓರ್ಫೆಯೊ' ನಡೆಯಿತು. ಸತ್ತ ಹೆಂಡತಿಯನ್ನು ಹಾಡಿನ ಬಲದಿಂದ ಪಾತಾಳದಿಂದ ಕರೆತರಲು ಹೊರಟ ಗಾಯಕನ ಕತೆ. ಒಪೇರಾ ಎಂಬ ಸಂಗೀತ ನಾಟಕ ಇಟಲಿಯಲ್ಲಿ ಆಗಿನ್ನೂ ಹತ್ತು ವರ್ಷದ ಕೂಸು. ಅದಕ್ಕೆ ಮೊದಲಿನ ಇಗರ್ಜಿ ಸಂಗೀತದಲ್ಲಿ ನಾಲ್ಕೈದು ಕಂಠಗಳು ಬೇರೆ ಬೇರೆ ಧಾಟಿಯಲ್ಲಿ ಹೆಣೆದುಕೊಳ್ಳುತ್ತಿದ್ದವು. ಸೊಗಸು ಬಹಳ, ಆದರೆ ಸಾಹಿತ್ಯ ಕೇಳುಗನ ಕೈಗೆ ಸಿಗುತ್ತಿರಲಿಲ್ಲ. ಹೊಸಬರು ಒಂದೇ ಕಂಠವನ್ನು ಮುಂದೆ ನಿಲ್ಲಿಸಿ, ಮಾತಿಗೂ ಹಾಡಿಗೂ ನಡುವಿನ ಒಂದು ಧಾಟಿ ಕಂಡುಕೊಂಡರು. ಅಕ್ಷರ ಸ್ಪಷ್ಟವಾಗಿ ಕೇಳಬೇಕು, ಭಾವ ನೇರ ನಾಟಬೇಕು. ಡೆಲ್ಲಾ ವಲ್ಲೆ 1640ರಲ್ಲಿ ಬರೆದ ಪ್ರಬಂಧದಲ್ಲಿ 'ನಮ್ಮ ಕಾಲದ ಸಂಗೀತ ಹಳಬರದ್ದಕ್ಕಿಂತ ಕಡಿಮೆಯದಲ್ಲ' ಎಂಬ ನಿಲುವಿಗೆ ಗಟ್ಟಿಯಾಗಿ ನಿಂತ. ತಾನೂ ಎಸ್ತರ್ ರಾಣಿಯ ಕತೆಗೆ ಸಂಗೀತ ಕಟ್ಟಿದ.

ಒಂದೇ ಕಂಠ ಮುಂದೆ ನಿಂತಾಗ ಅದಕ್ಕೆ ಆಧಾರ ಬೇಕಾಯಿತು. ಇಲ್ಲಿ ಬಂದದ್ದು 'ಬಾಸ್ಸೊ ಕಂಟಿನ್ಯುವೊ', ಬರೋಕ್ ಸಂಗೀತದ ಬೆನ್ನೆಲುಬು. ಚೆಲ್ಲೊದಂಥ ವಾದ್ಯ ಮಂದ್ರದಲ್ಲಿ ಬಿಡದೆ ಒಂದು ಎಳೆ ನುಡಿಸುತ್ತದೆ. ಹಾರ್ಪ್ಸಿಕಾರ್ಡ್ ಅಥವಾ ಆರ್ಗನ್ ಮುಂದೆ ಕೂತವನಿಗೆ ಬರೆದುಕೊಟ್ಟಿರುವುದು ಆ ಎಳೆ ಮತ್ತು ಅದರ ಜೊತೆಗೆ ಕೆಲವು ಅಂಕಿಗಳು, ಅಷ್ಟೇ. ಅಂಕಿ ಯಾವ ಸ್ವರಗಳ ಗುಚ್ಛ ಎಂದು ಹೇಳುತ್ತದೆ. ಅದನ್ನು ಹೇಗೆ ಹರಡಬೇಕು, ಎಲ್ಲಿ ತುಂಬಬೇಕು, ಎಲ್ಲಿ ಬಿಡಬೇಕು ಎಂಬುದೆಲ್ಲ ಆ ಕ್ಷಣದ ಮನೋಧರ್ಮ. ನಮ್ಮ ತಾಳಮದ್ದಳೆ ಕೇಳಿದವರಿಗೆ ಇದು ಹೊಸದಲ್ಲ. ಪ್ರಸಂಗದ ಪದ್ಯ ಬರೆದಿಟ್ಟದ್ದು. ಭಾಗವತರು ಹಾಡಿ ಮುಗಿಸಿದ ಮೇಲೆ ಅರ್ಥಧಾರಿ ಹೇಳುವ ಮಾತು ಯಾವ ಪುಸ್ತಕದಲ್ಲೂ ಇಲ್ಲ. ಅದೇ ಕೃಷ್ಣಸಂಧಾನ, ಇವತ್ತಿನ ಕೃಷ್ಣನೇ ಬೇರೆ, ನಾಳಿನ ಕೃಷ್ಣನೇ ಬೇರೆ. ಬರೋಕ್ ಹಾಡುಗಾರರೂ ಹೀಗೆಯೇ. ಹಾಡಿನ ಮೊದಲ ಭಾಗ ಮರಳಿ ಬರುವಾಗ ಗಮಕ, ಬಿರ್ಕಾಗಳಿಂದ ಅಲಂಕರಿಸಿ ಹಾಡದಿದ್ದರೆ ಅವರನ್ನು ಬಲ್ಲವರು ಒಪ್ಪುತ್ತಿರಲಿಲ್ಲ. ಪಾಶ್ಚಾತ್ಯ ಸಂಗೀತವೆಂದರೆ ಬರೆದದ್ದನ್ನು ಬರೆದಂತೆ ನುಡಿಸುವುದು ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಬರೋಕಿನ ಮಟ್ಟಿಗೆ ಅದು ಪೂರ್ತಿ ತಪ್ಪು.

ಭಾವದ ವಿಚಾರಕ್ಕೆ ಬಂದರೂ ನಮಗೆ ದಾರಿ ಸುಲಭ. ಒಂದು ರಚನೆ ಆದಿಯಿಂದ ಅಂತ್ಯದವರೆಗೆ ಒಂದೇ ಭಾವದಲ್ಲಿ ನಿಲ್ಲಬೇಕು, ಆ ಭಾವವನ್ನು ಕೇಳುಗನಲ್ಲಿ ಎಬ್ಬಿಸಬೇಕು ಎಂದು ಅಂದಿನ ಜರ್ಮನ್ ಶಾಸ್ತ್ರಕಾರರು ಬರೆದರು. ಇಂಗ್ಲೆಂಡಿನ ಹೆನ್ರಿ ಪರ್ಸೆಲ್ 'ಡೈಡೊ ಮತ್ತು ಈನಿಯಸ್' ಎಂಬ ಒಪೇರಾದ ಕೊನೆಯಲ್ಲಿ ಸಾಯಲಿರುವ ರಾಣಿಗೆ ಒಂದು ಹಾಡು ಕೊಟ್ಟಿದ್ದಾನೆ. ಮಂದ್ರದ ಎಳೆ ಅರ್ಧರ್ಧ ಸ್ವರ ಇಳಿಯುತ್ತ ಕೆಳಗೆ ಬರುತ್ತದೆ, ಮುಗಿದೊಡನೆ ಮತ್ತೆ ಅದೇ ಎಳೆ, ಮತ್ತೆ ಅದೇ. ಮೇಲೆ ರಾಣಿಯ ಕಂಠ ಆ ಇಳಿಜಾರಿಗೆ ಸಿಕ್ಕದೆ ಏರಲು ಹೆಣಗುತ್ತದೆ. ಕರುಣರಸವನ್ನು ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಕಟ್ಟಿದ ಇನ್ನೊಂದು ಹಾಡು ನನಗೆ ಗೊತ್ತಿಲ್ಲ. ಅದು 1689ರ ಸುಮಾರಿನದು, ನಮ್ಮ ಮಾರಿಕಾಂಬೆಯ ಗುಡಿಯ ಓರಗೆಯದು.

ಫ್ರಾನ್ಸಿನಲ್ಲಿ ಲೂಯಿ ದೊರೆಯ ಸಂಗೀತದ ಮುಖ್ಯಸ್ಥ ಲುಲ್ಲಿ ಉದ್ದನೆಯ ಕೋಲನ್ನು ನೆಲಕ್ಕೆ ಕುಟ್ಟಿ ತಾಳ ಹಿಡಿಯುತ್ತಿದ್ದ. ಒಂದು ಸಲ ಕೋಲು ಕಾಲಿಗೇ ಬಿತ್ತು. ಗಾಯ ಕೊಳೆತು 1687ರಲ್ಲಿ ಸತ್ತ. ವೆನಿಸ್‌ನಲ್ಲಿ ಆಂತೋನಿಯೊ ವಿವಾಲ್ಡಿ ಅನಾಥ ಹೆಣ್ಣುಮಕ್ಕಳ ಆಶ್ರಮವೊಂದರಲ್ಲಿ 1703ರಿಂದ ಪಿಟೀಲು ಕಲಿಸಿದ. ಆ ಹುಡುಗಿಯರು ಜಾಲರಿಯ ಹಿಂದೆ ಕೂತು ನುಡಿಸುತ್ತಿದ್ದುದನ್ನು ಕೇಳಲು ಯುರೋಪಿನ ಮೂಲೆಮೂಲೆಯಿಂದ ಜನ ಬರುತ್ತಿದ್ದರು. 1725ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ಅವನ 'ನಾಲ್ಕು ಋತುಗಳು' ಹೊಸಬರಿಗೆ ಒಳ್ಳೆಯ ಬಾಗಿಲು. ಪ್ರತಿ ಋತುವಿಗೂ ಒಂದು ಪದ್ಯವನ್ನು ಜೊತೆಗೇ ಅಚ್ಚುಹಾಕಿದ್ದಾನೆ. ವಸಂತದ ಎರಡನೆಯ ಭಾಗದಲ್ಲಿ ಕುರುಬ ಮಲಗಿದ್ದಾನೆ, ವಿಯೋಲ ನಾಯಿಯಂತೆ ಬೊಗಳುತ್ತದೆ. ಚಳಿಗಾಲದ ನಡುವಿನ ಭಾಗದಲ್ಲಿ ಒಬ್ಬ ಬೆಂಕಿಯೆದುರು ಹಾಯಾಗಿ ಕೂತಿದ್ದಾನೆ. ಹೊರಗೆ ಬೀಳುವ ಮಳೆಯ ಹನಿಗಳನ್ನು ಪಿಟೀಲಿನ ತಂತಿ ಮೀಟಿ ಕೇಳಿಸುತ್ತಾರೆ. ಬೇಸಿಗೆಯ ಕೊನೆಯ ಭಾಗದಲ್ಲಿ ಬಿರುಗಾಳಿ, ಗುಡುಗು, ಆಲಿಕಲ್ಲು. ಮೇ ಕೊನೆಯಲ್ಲಿ ಮಲೆನಾಡಿನ ಅಡ್ಡಮಳೆಗೆ ಮೈಯೊಡ್ಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ.

1685 ಒಂದು ವಿಚಿತ್ರ ವರ್ಷ. ಯೊಹಾನ್ ಸೆಬಾಸ್ಟಿಯನ್ ಬಾಖ್, ಹ್ಯಾಂಡೆಲ್, ದೊಮೆನಿಕೊ ಸ್ಕಾರ್ಲಾತ್ತಿ ಮೂವರೂ ಹುಟ್ಟಿದ ವರ್ಷ. ಹ್ಯಾಂಡೆಲ್ ಲಂಡನ್ನಿಗೆ ಹೋಗಿ ಹೆಸರು ಮಾಡಿದ; ಅವನ 'ಮೆಸ್ಸಾಯ' ಮೊದಲು ಕೇಳಿದ್ದು 1742ರಲ್ಲಿ ಡಬ್ಲಿನ್. ಬಾಖ್ ಬದುಕೆಲ್ಲ ಜರ್ಮನಿಯಲ್ಲೇ ನೆಲೆಸಿದ್ದ. 1723ರಿಂದ ಸಾಯುವವರೆಗೆ ಲೈಪ್ಸಿಗ್‌ನ ಸಂತ ಥಾಮಸ್ ಇಗರ್ಜಿಯಲ್ಲಿ ಹುಡುಗರಿಗೆ ಹಾಡು ಕಲಿಸುತ್ತ, ಮೊದಲ ಕೆಲವು ವರ್ಷ ಭಾನುವಾರಕ್ಕೊಂದರಂತೆ ಹೊಸ ರಚನೆ ಬರೆಯುತ್ತ ದುಡಿದ. 1750ರಲ್ಲಿ ಸತ್ತಾಗ ಅವನ ಶೈಲಿ ಹಳತಾಗಿತ್ತು. ಅವನ 'ಸಂತ ಮತ್ತಾಯನ ಪ್ಯಾಶನ್' ಸುಮಾರು ನೂರು ವರ್ಷ ಮರೆವಿಗೆ ಸಂದು, 1829ರಲ್ಲಿ ಇಪ್ಪತ್ತರ ಹುಡುಗ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ನಡೆಸಿದಾಗ ಯುರೋಪು ಕಣ್ಣು ಬಿಟ್ಟಿತು. ಇಂದು ಅವನಿಲ್ಲದೆ ಪಾಶ್ಚಾತ್ಯ ಸಂಗೀತವನ್ನು ಯಾರೂ ಊಹಿಸಿಕೊಳ್ಳಲಾರರು. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಅಂತರಿಕ್ಷಕ್ಕೆ ಕಳಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ ಬಾಖ್‌ನ ಮೂರು ರಚನೆಗಳಿವೆ. ಅದೇ ತಟ್ಟೆಯಲ್ಲಿ ಭಾರತದಿಂದ ಹೋದದ್ದು ಕೇಸರಬಾಯಿ ಕೇರಕರ್ ಹಾಡಿದ ಭೈರವಿ. ಕೇಸರಬಾಯಿ ಹುಟ್ಟಿದ್ದು ಫೋಂಡಾ ತಾಲೂಕಿನ ಕೇರಿಯಲ್ಲಿ, ಆ ಗುಮ್ಮಟದ ದೇವಸ್ಥಾನಗಳ ಸೀಮೆಯಲ್ಲಿ.

ಬರೋಕ್ ನಮ್ಮ ಮನೆಯೊಳಗೂ ಬಂದಿದೆ. ಪಿಟೀಲನ್ನು ಪರಿಪೂರ್ಣಗೊಳಿಸಿದ ಕ್ರೆಮೋನಾದ ಸ್ಟ್ರಾಡಿವಾರಿ 1737ರಲ್ಲಿ ತೀರಿಕೊಂಡವ, ಬರೋಕ್ ಕಾಲದವ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡರು. ಇವತ್ತು ಪಿಟೀಲಿಲ್ಲದೆ ಕಛೇರಿಯಿಲ್ಲ.

ಮನ್ಮನೆಯಲ್ಲಾಗಲಿ ಯಲ್ಲಾಪುರದ ಒಳಹಳ್ಳಿಯಲ್ಲಾಗಲಿ ಮೊಬೈಲಿನಲ್ಲಿ ಇವನ್ನೆಲ್ಲ ಕೇಳಲು ಈಗ ಖರ್ಚಿಲ್ಲ. ಮೊದಲು ವಿವಾಲ್ಡಿಯ ಬೇಸಿಗೆಯ ಮೂರನೆಯ ಭಾಗ ಕೇಳಿ, ಮೂರು ನಿಮಿಷದ್ದು. ಆಮೇಲೆ ಬಾಖ್‌ನ ಮೊದಲ ಚೆಲ್ಲೊ ಸ್ವೀಟಿನ ಮುನ್ನುಡಿ: ಒಂದೇ ವಾದ್ಯ, ಒಂದೇ ಸಮನೆ ಹರಿಯುವ ಲಯ. ಅದು ಹಿಡಿಸಿದರೆ ಪರ್ಸೆಲ್‌ನ ರಾಣಿಯ ಹಾಡು. ಮೊದಲ ಸಲ ಮೇಲಿನ ರಾಗವನ್ನು ಹಿಂಬಾಲಿಸಿ, ಎರಡನೆಯ ಸಲ ಕೆಳಗಿನ ಮಂದ್ರದ ಎಳೆಯನ್ನು ಮಾತ್ರ. ಬೆಳತನಕ ಆಟ ನೋಡಿ, ಮದ್ದಳೆ ಚಂಡೆಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲ ಕಿವಿಗೆ ಇದು ಕಷ್ಟದ ಕೆಲಸವಲ್ಲ. ಮುಂದಿನ ಸಲ ಕುಲದೇವರಿಗೆಂದು ಗೋವೆಗೆ ಹೋದಾಗ ಪ್ರಸಾದ ಪಡೆದು ಹೊರಟುಬಿಡದೆ ಅಂಗಳದಲ್ಲಿ ನಿಂತು ಗೋಪುರವನ್ನು ತಲೆಯೆತ್ತಿ ನೋಡಿ, ಮಂಗಳೂರಿಗೆ ಹೋದಾಗ ಮಕ್ಕಳನ್ನು ಅಲೋಶಿಯಸ್ ಚಾಪೆಲ್‌ಗೆ ಕರೆದೊಯ್ಯಿರಿ. ಶಾಲೆಯ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆಯೂ ಇದೆ: ಇಕ್ಕೇರಿಯ ಪಾಠ ಮಾಡುವಾಗ ಡೆಲ್ಲಾ ವಲ್ಲೆಯ ಕಾಗದಗಳಲ್ಲಿರುವ ಕೋಲಾಟದ ಆ ಪುಟವನ್ನು ಮಕ್ಕಳಿಗೆ ಓದಿ ಹೇಳಿ, ಅವನಿಗೆ ಅರ್ಥವಾಗದೆ ಉಳಿದದ್ದನ್ನು ಅವರೇ ಹೇಳುತ್ತಾರೆ.